ನೆರೆಯವರ ಆಕ್ಷೇಪಣೆಯನ್ನು ತೂಗುವವರು ಯಾರು?



ಪಕ್ಕದ ಮನೆಯವರು ಇನ್ನೊಂದು ಮಹಡಿ ಕಟ್ಟಲು ಹೊರಟಿದ್ದಾರೆ. ಕಟ್ಟಿದರೆ ನಿಮ್ಮ ಮನೆಗೆ ಬೆಳಕು ಬರುವುದಿಲ್ಲ. ನಿಮ್ಮ ಮಾತನ್ನು ಯಾರು ಕೇಳುತ್ತಾರೆ? ಇಂಗ್ಲೆಂಡಿನಲ್ಲಿ ಈ ಕೆಲಸ ಸ್ಥಳೀಯ ಕೌನ್ಸಿಲ್‌ನ ಪ್ಲಾನಿಂಗ್ ಆಫೀಸರ್, ಅಂದರೆ ಯೋಜನಾಧಿಕಾರಿಯದು.

ಅಲ್ಲಿ 1947ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1948ರ ಜುಲೈ 1ರಂದು ಜಾರಿಗೆ ಬಂತು. ಅಂದಿನಿಂದ ಸ್ವಂತ ಜಾಗದಲ್ಲಿ ಕಟ್ಟಲೂ ಅನುಮತಿ ಬೇಕು; ಕೆಲವು ಸಣ್ಣ ಕೆಲಸಗಳಿಗೆ ಮಾತ್ರ ವಿನಾಯಿತಿ.

ಅರ್ಜಿ ಬಂದಾಗ ಏನಾಗುತ್ತದೆ?

1. ನಕ್ಷೆ, ಶುಲ್ಕ, ದಾಖಲೆಗಳು ಸರಿಯಿವೆಯೇ ಎಂದು ನೋಡಲಾಗುತ್ತದೆ.

2. ನೆರೆಯವರಿಗೆ ಪತ್ರ ಕಳಿಸಿ ಅಥವಾ ಸ್ಥಳದಲ್ಲಿ ನೋಟಿಸ್ ಅಂಟಿಸಿ ತಿಳಿಸುತ್ತಾರೆ. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನಗಳ ಕಾಲಾವಕಾಶ.

3. ಅಧಿಕಾರಿ ಸ್ಥಳ ನೋಡಿ, ಅಗತ್ಯವಿದ್ದರೆ ರಸ್ತೆ ಮುಂತಾದ ಇಲಾಖೆಗಳ ಅಭಿಪ್ರಾಯ ಪಡೆಯುತ್ತಾರೆ.

4. ಊರಿನ ಅಭಿವೃದ್ಧಿ ಯೋಜನೆಗೆ ಅರ್ಜಿ ಹೊಂದುತ್ತದೆಯೇ ಎಂದು ಪರಿಶೀಲಿಸಿ ವರದಿ ಬರೆಯುತ್ತಾರೆ.

ಹೆಚ್ಚಿನ ಅರ್ಜಿಗಳನ್ನು ಕೌನ್ಸಿಲ್ ಕೊಟ್ಟ ಅಧಿಕಾರದಡಿ ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ದೊಡ್ಡ ಅಥವಾ ವಿವಾದದ ಅರ್ಜಿಗಳು ಚುನಾಯಿತ ಸದಸ್ಯರ ಸಮಿತಿಗೆ ಹೋಗುತ್ತವೆ. ಸಮಿತಿ ಅಧಿಕಾರಿಯ ಶಿಫಾರಸನ್ನು ಒಪ್ಪಲೇಬೇಕೆಂದಿಲ್ಲ. ಸಾಮಾನ್ಯ ಅರ್ಜಿಗೆ 8 ವಾರ, ದೊಡ್ಡದಕ್ಕೆ 13 ವಾರ ಗಡುವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಧಿಕಾರಿ ಆಕ್ಷೇಪಣೆಗಳನ್ನು ಎಣಿಸುವುದಿಲ್ಲ, ತೂಗುತ್ತಾರೆ. ಬೆಳಕು ತಪ್ಪುವುದು, ಮನೆಯೊಳಗೆ ಇಣುಕುವಂತಾಗುವುದು, ವಾಹನ ದಟ್ಟಣೆ ಇವು ಲೆಕ್ಕಕ್ಕೆ ಬರುವ ಕಾರಣಗಳು. ‘ನನ್ನ ಮನೆಯ ಬೆಲೆ ಇಳಿಯುತ್ತದೆ’, ‘ಅರ್ಜಿದಾರ ನಮಗೆ ಹಿಡಿಸುವುದಿಲ್ಲ’ ಎಂಬವು ಬರುವುದಿಲ್ಲ. ಅಂಥ ನೂರು ಪತ್ರಗಳಿಗಿಂತ ಬೆಳಕಿನ ಬಗ್ಗೆ ಸಕಾರಣವಾಗಿ ಬರೆದ ಒಂದೇ ಪತ್ರಕ್ಕೆ ಹೆಚ್ಚು ತೂಕ.

ಅನುಮತಿ ಸಿಗದಿದ್ದರೆ ಕಾರಣ ಬರೆದು ಕೊಡಬೇಕು. ಅರ್ಜಿದಾರರು ಪ್ಲಾನಿಂಗ್ ಇನ್ಸ್‌ಪೆಕ್ಟೊರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಸಿಕ್ಕರೆ ನೆರೆಯವರಿಗೆ ಆ ಹಕ್ಕಿಲ್ಲ. ತೀರ್ಮಾನದಲ್ಲಿ ಕಾನೂನಿನ ದೋಷವಿದ್ದರೆ ಮಾತ್ರ ಅವರು ನ್ಯಾಯಾಲಯದ ಮೊರೆ ಹೋಗಬಹುದು. ಅದು ದುಬಾರಿ ದಾರಿ. ಆದ್ದರಿಂದ ನೆರೆಯವರ ಮಾತಿಗೆ ಬೆಲೆ ಸಿಗುವುದು ಮುಖ್ಯವಾಗಿ ಅಧಿಕಾರಿಯ ವರದಿಯಲ್ಲೇ. ಅವರು ಪ್ರಾಮಾಣಿಕರಾಗಿದ್ದರೆ ಸಾಲದು, ಎರಡೂ ಕಡೆಯನ್ನು ಸರಿಯಾಗಿ ಓದಿರಬೇಕು.

ನಮ್ಮಲ್ಲೂ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ನಿಮ್ಮ ಊರಿನಲ್ಲಿ ಕಟ್ಟಡದ ಅನುಮತಿ ಯಾರು ಕೊಡುತ್ತಾರೆ, ಆಕ್ಷೇಪಣೆ ಎಲ್ಲಿ ಸಲ್ಲಿಸಬೇಕು ಎಂದು ಪಂಚಾಯತ್ ಅಥವಾ ಪುರಸಭೆಯಲ್ಲಿ ವಿಚಾರಿಸಿ, ಒಂದು ಪುಟ ಬರೆದು ತನ್ನಿ.