ಮಕ್ಕಳ ಮೈಮೇಲಿನ ಗಂಟು: ಸ್ಕ್ಯಾನಿಂಗ್‌ನಲ್ಲಿ ತಿಳಿಯುವುದೇನು?

ಪ್ರಶ್ನೆ: ಮಕ್ಕಳ ಚರ್ಮದಡಿಯ ಗಂಟಿಗೆ ಮೊದಲು ಮಾಡಿಸಬೇಕಾದ ಸ್ಕ್ಯಾನಿಂಗ್ ಯಾವುದು?

ಉತ್ತರ: ಅಲ್ಟ್ರಾಸೌಂಡ್. ಮಕ್ಕಳಲ್ಲಿ ಕೈಗೆ ಸಿಗುವ ಇಂಥ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಎಷ್ಟೋ ಗಂಟುಗಳ ಸ್ವರೂಪ ಈ ಒಂದೇ ಪರೀಕ್ಷೆಯಲ್ಲಿ ತಿಳಿದುಬಿಡುತ್ತದೆ. ಇದಕ್ಕೆ ವಿಕಿರಣವಿಲ್ಲ, ಅರಿವಳಿಕೆಯೂ ಬೇಡ. ಮಗು ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿದ್ದರೂ ಪರೀಕ್ಷೆ ನಡೆಯುತ್ತದೆ. ಒಳಗಿರುವುದು ನೀರೋ ಗಟ್ಟಿ ಅಂಗಾಂಶವೋ, ಗಂಟು ಎಷ್ಟು ಆಳದಲ್ಲಿದೆ ಎಂಬುದೆಲ್ಲ ಪರದೆಯ ಮೇಲೆ ಕಾಣುತ್ತದೆ. ರಕ್ತದ ಹರಿವನ್ನು ಇದೇ ಯಂತ್ರದ ಡಾಪ್ಲರ್ ವಿಧಾನ ತೋರಿಸುತ್ತದೆ.

ಪ್ರಶ್ನೆ: ಹಸುಗೂಸಿನ ಕುತ್ತಿಗೆಯ ಪಕ್ಕದಲ್ಲಿ ಗಟ್ಟಿ ಗಂಟು ಕಂಡರೆ ಬಯಾಪ್ಸಿ ಬೇಕೇ?

ಉತ್ತರ: ಹುಟ್ಟಿದ ಎರಡರಿಂದ ನಾಲ್ಕು ವಾರಗಳಲ್ಲಿ, ಕುತ್ತಿಗೆಯ ಒಂದೇ ಬದಿಯಲ್ಲಿ ಕಾಣಿಸುವ ಗಂಟು ಬಹುಮಟ್ಟಿಗೆ ‘ಫೈಬ್ರೊಮಟೋಸಿಸ್ ಕೊಲೈ’ ಆಗಿರುತ್ತದೆ. ಎಣ್ಣೆ ಹಚ್ಚಿ ನೀರೆರೆಯುವಾಗ ಅಜ್ಜಿಯ ಕೈಗೇ ಇದು ಮೊದಲು ಸಿಗುವುದುಂಟು. ಹೆರಿಗೆ ಕಷ್ಟವಾದ ಕೂಸುಗಳಲ್ಲಿ ಇದು ಹೆಚ್ಚು. ಮಗುವಿನ ತಲೆ ಗಂಟಿನ ಕಡೆಗೆ ವಾಲಿ, ಗಲ್ಲ ಎದುರು ಬದಿಗೆ ತಿರುಗಿರುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ಕಿವಿಯ ಹಿಂಭಾಗದಿಂದ ಎದೆಮೂಳೆಗೆ ಇಳಿಯುವ ಸ್ನಾಯುವೇ ಕದಿರಿನಂತೆ ನಡುವೆ ಉಬ್ಬಿ, ಎರಡೂ ತುದಿಗಳಲ್ಲಿ ಮಾಮೂಲಿ ಸ್ನಾಯುವಿನೊಂದಿಗೆ ಸೇರಿಹೋಗಿರುವುದು ಕಾಣುತ್ತದೆ. ಇನ್ನೊಂದು ಬದಿಯ ಸ್ನಾಯುವನ್ನೂ ನೋಡಿದರೆ ವ್ಯತ್ಯಾಸ ಎದ್ದು ತೋರುತ್ತದೆ. ಉಬ್ಬು ಸ್ನಾಯುವಿನೊಳಗೇ ಇದ್ದು, ಅದರ ಗಡಿ ದಾಟಿಲ್ಲವೆಂದು ಖಚಿತವಾದರೆ ಸೂಜಿ ಚುಚ್ಚುವ ಅಗತ್ಯವಿಲ್ಲ. ಫಿಸಿಯೋಥೆರಪಿಯಿಂದ ಹೆಚ್ಚಿನ ಮಕ್ಕಳಲ್ಲಿ ಮೊದಲ ವರ್ಷದೊಳಗೆ ಗಂಟು ಕರಗುತ್ತದೆ. ಅದನ್ನು ಬಲವಾಗಿ ತಿಕ್ಕಿ ಕರಗಿಸಲು ಹೋಗುವುದು ಮಾತ್ರ ಸಲ್ಲದು.

ಪ್ರಶ್ನೆ: ಉಳಿದ ಗಂಟುಗಳನ್ನು ಗುರುತಿಸುವುದು ಹೇಗೆ?

ಉತ್ತರ: ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು ಬೇಗ ಬೆಳೆಯುವ ಹೆಮಾಂಜಿಯೋಮಾದಲ್ಲಿ ಡಾಪ್ಲರ್ ಹಚ್ಚಿದೊಡನೆ ರಕ್ತನಾಳಗಳ ದಟ್ಟಣೆ ಬಣ್ಣಬಣ್ಣವಾಗಿ ತುಂಬುತ್ತದೆ. ದುಗ್ಧನಾಳದ ಗಂಟು ಹಲವು ಕೋಣೆಗಳ ನೀರುಚೀಲದಂತೆ ಕಾಣುತ್ತದೆ. ಮಂಡಿಯ ಹಿಂದಿನ ಬೇಕರ್ ಸಿಸ್ಟ್ ಮಕ್ಕಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಮಾಯವಾಗುತ್ತದೆ. ಕುತ್ತಿಗೆಯ ನಟ್ಟನಡುವೆ, ನಾಲಗೆ ಹೊರಚಾಚಿದಾಗ ಮೇಲೇರುವ ಥೈರೊಗ್ಲೋಸಲ್ ಸಿಸ್ಟ್ ಇದ್ದರೆ, ಶಸ್ತ್ರಚಿಕಿತ್ಸೆಗೆ ಮೊದಲು ಥೈರಾಯ್ಡ್ ಗ್ರಂಥಿ ಅದರ ಜಾಗದಲ್ಲಿದೆಯೇ ಎಂದೂ ನೋಡಲೇಬೇಕು. ಕೆಲವರಲ್ಲಿ ಆ ಗಂಟೇ ಇರುವ ಒಂದೇ ಥೈರಾಯ್ಡ್ ಆಗಿರಬಹುದು.

ಪ್ರಶ್ನೆ: ಎಂಆರ್‌ಐ, ಸಿಟಿ ಯಾವಾಗ ಬೇಕು?

ಉತ್ತರ: ಗಂಟು ಆಳದಲ್ಲಿದ್ದರೆ, ಅದರ ಅಂಚು ಪೂರ್ತಿ ಕಾಣದಿದ್ದರೆ, ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಉಳಿದರೆ ಎಂಆರ್‌ಐ ಬೇಕು. ಮೂಗಿನ ದಿಂಡಿನ ಮೇಲಿನ ಡರ್ಮಾಯ್ಡ್ ಎಂಬ ಗಂಟು ತಲೆಬುರುಡೆಯೊಳಕ್ಕೂ ಚಾಚಿರಬಹುದಾದ್ದರಿಂದ, ಕೊಯ್ಯುವ ಮುನ್ನ ಅದಕ್ಕೂ ಎಂಆರ್‌ಐ ಆಗಬೇಕು. ಚಿಕ್ಕ ಮಕ್ಕಳು ಅಲುಗಾಡದೆ ಮಲಗುವುದಿಲ್ಲವಾದ್ದರಿಂದ ನಿದ್ರೆಯ ಔಷಧ ಬೇಕಾಗುತ್ತದೆ. ಸಿಟಿಯಲ್ಲಿ ವಿಕಿರಣವಿದೆ, ಇಂಥ ಗಂಟುಗಳಿಗೆ ಅದು ಅಪರೂಪಕ್ಕೆ ಮಾತ್ರ.

ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಆಳದಲ್ಲಿ ಗಟ್ಟಿಯಾಗಿದ್ದರೆ ಅಥವಾ ವಾರದಿಂದ ವಾರಕ್ಕೆ ಹಿಗ್ಗುತ್ತಿದ್ದರೆ, ನೋವಿಲ್ಲವೆಂದು ಕಾಯದೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.