ದ್ರಾಕ್ಷಿಯ ಸಿಪ್ಪೆಯೊಳಗಿನ ರಸಾಯನ: ಗುಣದೋಷ ವಿಚಾರ

ಕೃಷ್ಣಾ-ಘಟಪ್ರಭಾ ನದಿಗಳ ಆಸರೆಯಲ್ಲಿ ಬೆಳೆದ ನಮ್ಮ ಸೀಮೆ ಕಬ್ಬಿನ ಸೀಮೆಯೆಂದೇ ಹೆಸರಾದುದು. ಮುಧೋಳದ ಕಡೆಗೆ ಹೋದರೆ ದಾರಿಯ ಎರಡೂ ಬದಿಗೆ ಕಬ್ಬು. ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ರಬಕವಿ-ಬನಹಟ್ಟಿಗಳಲ್ಲಿ ಮಗ್ಗದ ಸಪ್ಪಳ. ಆದರೆ ಜಮಖಂಡಿಯಿಂದ ಸಾವಳಗಿಯ ದಾರಿ ಹಿಡಿದು ವಿಜಯಪುರದ ಕಡೆಗೆ ನಡೆದರೆ ನೋಟ ಬದಲಾಗುತ್ತದೆ. ಕಲ್ಲುಕಂಬ, ತಂತಿಗಳ ಮೇಲೆ ಹಬ್ಬಿಸಿದ ದ್ರಾಕ್ಷಿಯ ಬಳ್ಳಿ, ಅದರ ಹತ್ತಿರವೇ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡುಗಳು ಕಾಣತೊಡಗುತ್ತವೆ. ಫೆಬ್ರುವರಿ-ಮಾರ್ಚ ತಿಂಗಳಲ್ಲಿ ಈ ಹಣ್ಣು ಬೀಳಗಿಯ ಸಂತೆಯಿಂದ ಹಿಡಿದು ಎಲ್ಲ ಊರುಗಳ ತಳ್ಳುಗಾಡಿಯವರೆಗೂ ಬರುತ್ತದೆ.

ಈ ದಿನಗಳಲ್ಲಿಯೇ ಮನೆಯ ಮುತ್ಯಾ ಕಾಲೇಜಿಗೆ ಹೋಗುವ ಮೊಮ್ಮಗನನ್ನು ಕೇಳುವದುಂಟು: "ತಮ್ಮಾ, ಕರೀ ದ್ರಾಕ್ಷಿ ತಿಂದರ ಹೃದಯಕ್ಕ ಛಲೋ ಅಂತಾರಲ್ಲ, ಖರೇನ ಅದು? ಅದರ ಗುಳಿಗಿನೂ ಬಂದಾವಂತ!" ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ಕೇಳುವ ಮುತ್ಯಾನಿಗೆ ಸಕ್ಕರೆ ರೋಗವಿರಬಹುದು. ರಕ್ತ ಹೆಪ್ಪುಗಟ್ಟದಂತೆ ಆತನು ದಿನಾಲು ಗುಳಿಗೆ ನುಂಗುತ್ತಿರಬಹುದು. ನಾವು ಕೊಡುವ ಉತ್ತರದ ಮೇಲೆ ಒಂದು ಜೀವದ ಸುಖದುಃಖ ನಿಂತಿದ್ದೀತು. ಆದುದರಿಂದ ಈ ವಿಷಯವನ್ನು ಬೇರಿನಿಂದ ವಿಚಾರಿಸುವದು ಯೋಗ್ಯ.

ರಸಾಯನದ ಪರಿಚಯ

ಯಾವ ರಸಾಯನದ ಸಲುವಾಗಿ ದ್ರಾಕ್ಷಿಗೆ ಇಷ್ಟು ಹೆಸರು ಬಂದಿತೋ ಅದಕ್ಕೆ ರೆಸ್ವೆರಟ್ರಾಲ್ ಎಂದು ಹೆಸರು. ಇಂಗಾಲದ ೧೪, ಜಲಜನಕದ ೧೨ ಹಾಗೂ ಆಮ್ಲಜನಕದ ೩ ಪರಮಾಣುಗಳು ಕೂಡಿ ಇದರ ಒಂದು ಅಣುವಾಗುತ್ತದೆ. ೧೯೩೯ರಲ್ಲಿ ಜಪಾನಿನ ಮಿಚಿಯೊ ತಕಾವೊಕಾ ಎಂಬ ವಿಜ್ಞಾನಿಯು ಇದನ್ನು ಮೊದಲು ಬೇರ್ಪಡಿಸಿದನು. ಆದರೆ ಆತನಿಗೆ ಇದು ದೊರೆತದ್ದು ದ್ರಾಕ್ಷಿಯಲ್ಲಲ್ಲ, ವೆರಾಟ್ರಮ್ ಎಂಬ ಬೇರೊಂದು ಗಿಡದಲ್ಲಿ. ರಸಾಯನದ ಹೆಸರಿನಲ್ಲಿ ಇಂದಿಗೂ ಆ ಗಿಡದ ಗುರುತು ಉಳಿದಿದೆ. ದ್ರಾಕ್ಷಿಯ ಬಳ್ಳಿಯಲ್ಲಿ ಇದು ಇರುವದನ್ನು ೧೯೭೬ರಲ್ಲಿ ಲ್ಯಾಂಗ್‌ಕೇಕ್ ಮತ್ತು ಪ್ರೈಸ್ ಎಂಬ ಇಬ್ಬರು ತೋರಿಸಿಕೊಟ್ಟರು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ಕರಿಯ ದ್ರಾಕ್ಷಿಯ ಬಣ್ಣವೇ ಈ ರಸಾಯನವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಆ ಬಣ್ಣ ಆಂಥೋಸಯನಿನ್ ಎಂಬ ಬೇರೆ ವಸ್ತುಗಳಿಂದ ಬಂದದ್ದು. ರೆಸ್ವೆರಟ್ರಾಲಿಗೆ ಅಂಥ ಬಣ್ಣವಿಲ್ಲ. ರಬಕವಿಯ ನೇಕಾರನು ಸೀರೆಯ ಬಣ್ಣವನ್ನಷ್ಟೇ ನೋಡಿ ನೂಲಿನ ಗಟ್ಟಿತನವನ್ನು ಹೇಳುವದಿಲ್ಲ. ನಾವೂ ಹಣ್ಣಿನ ಬಣ್ಣವನ್ನಷ್ಟೇ ನೋಡಿ ಒಳಗಿನ ರಸಾಯನವನ್ನು ಅಳೆಯಬಾರದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಸಿರು ಹಣ್ಣಿನ ಸಿಪ್ಪೆಯಲ್ಲಿಯೂ ಇದು ಸ್ವಲ್ಪ ಇರುತ್ತದೆ. ತಿರುಳಿನಲ್ಲಿ ಮಾತ್ರ ಇದು ಇಲ್ಲವೆನ್ನುವಷ್ಟು ಕಡಿಮೆ.

ಬಳ್ಳಿಗೆ ಇದರ ಉಪಯೋಗವೇನು?

ಬಳ್ಳಿಯು ಈ ರಸಾಯನವನ್ನು ನಮ್ಮ ಹೃದಯದ ಸಲುವಾಗಿ ಸಿದ್ಧಪಡಿಸುವದಿಲ್ಲ. ತನ್ನ ರಕ್ಷಣೆಯ ಸಲುವಾಗಿ ಸಿದ್ಧಪಡಿಸುತ್ತದೆ. ಶಿಲೀಂಧ್ರವು ಎಲೆಗೋ ಕಾಯಿಗೋ ತಗುಲಿದಾಗ, ಗಾಯವಾದಾಗ, ಸೂರ್ಯನ ನೇರಿಳಾತೀತ ಕಿರಣಗಳು ಬಿದ್ದಾಗ, ಆ ಭಾಗದ ಜೀವಕೋಶಗಳು ಇದನ್ನು ತಯಾರಿಸತೊಡಗುತ್ತವೆ. ಊರಿಗೆ ಕಳ್ಳರು ಬಂದರೆಂದು ಕೂಗು ಕೇಳಿದಾಗ ಮನೆಮನೆಯವರು ಬಡಿಗೆ ಹಿಡಿದು ಹೊರಬರುವಂತೆ ಇದು. ನಮ್ಮ ದ್ರಾಕ್ಷಿ ಬೆಳೆಗಾರರಿಗೆ ದಾವಣಿ ರೋಗ, ಬೂದಿ ರೋಗಗಳ ಕಾಟ ಹೊಸದೇನಲ್ಲ. ಅಕ್ಟೋಬರದ ಛಾಟಣಿಯಾದ ಮೇಲೆ ಅಕಾಲ ಮಳೆ ಸುರಿದರೆ ಒಂದೇ ವಾರದಲ್ಲಿ ತೋಟದ ಗತಿ ತಿರುಗುವದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬಳ್ಳಿಯ ಒಳಗಿನ ಈ ಬಡಿಗೆಯೊಂದೇ ಆ ಶತ್ರುವಿಗೆ ಸಾಲದು. ಅದಕ್ಕಾಗಿಯೇ ಬೋರ್ಡೋ ದ್ರಾವಣ ಮೊದಲಾದ ಔಷಧಗಳ ಸಿಂಪರಣೆ.

ದ್ರಾಕ್ಷಿಯಲ್ಲಷ್ಟೇ ಅಲ್ಲ, ನಮ್ಮ ಶೇಂಗಾದಲ್ಲಿಯೂ ಈ ರಸಾಯನವಿದೆ. ಹಸಿ ಶೇಂಗಾದಲ್ಲಿ ಅತ್ಯಲ್ಪವಾದರೂ ಕುದಿಸಿದ ಶೇಂಗಾದಲ್ಲಿಯ ಪ್ರಮಾಣವು ಹೆಚ್ಚುಕಡಿಮೆ ಕೆಂಪು ದ್ರಾಕ್ಷಿಯಷ್ಟೇ ಆಗುತ್ತದೆ. ಆದರೂ ಕುದಿಸಿದ ಶೇಂಗಾಕ್ಕೆ ಯಾರೂ ಔಷಧದ ಪಟ್ಟ ಕಟ್ಟಲಿಲ್ಲ! ಹೆಸರು ಬರುವದಕ್ಕೆ ಗುಣವೊಂದೇ ಕಾರಣವಲ್ಲವೆಂಬದಕ್ಕೆ ಇದೊಂದು ನಿದರ್ಶನ.

ಹೆಸರು ಬಂದ ಬಗೆ

ಫ್ರಾನ್ಸ ದೇಶದ ಜನರು ಬೆಣ್ಣೆ, ಗಿಣ್ಣಗಳನ್ನು ಧಾರಾಳವಾಗಿ ತಿನ್ನುತ್ತಾರೆ. ಆದರೂ ಅವರಲ್ಲಿ ಹೃದಯರೋಗದ ಸಾವು ಕಡಿಮೆ. ಈ ಒಗಟನ್ನು ೧೯೯೨ರಲ್ಲಿ ಸೆರ್ಜ್ ರೆನೊ ಎಂಬ ಫ್ರೆಂಚ್ ವಿಜ್ಞಾನಿಯು ಚರ್ಚಿಸಿ, ಊಟದೊಡನೆ ಕುಡಿಯುವ ವೈನೇ ಕಾರಣವಿರಬಹುದೆಂದನು. ಅದೇ ವರ್ಷ ಅಮೇರಿಕೆಯ ಇಬ್ಬರು ಸಂಶೋಧಕರು ವೈನಿನಲ್ಲಿ ರೆಸ್ವೆರಟ್ರಾಲ್ ಇರುವದನ್ನು ಅಳೆದು ತೋರಿಸಿದರು. ಎರಡು ಸುದ್ದಿಗಳು ಒಂದಕ್ಕೊಂದು ಗಂಟುಬಿದ್ದವು. ೧೯೯೭ರಲ್ಲಿ ಇಲಿಗಳ ಚರ್ಮದ ಮೇಲಿನ ಗಡ್ಡೆಗಳು ಇದರಿಂದ ಕಡಿಮೆಯಾದುವೆಂಬ ವರದಿ ಬಂದಿತು. ೨೦೦೩ರಲ್ಲಿ ಹುದುಗು ಬರಿಸುವ ಯೀಸ್ಟ್ ಜೀವಿಗಳ ಆಯುಷ್ಯವು ಇದರಿಂದ ಹೆಚ್ಚಿತೆಂದೂ, ೨೦೦೬ರಲ್ಲಿ ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳು ಇದರ ಬಲದಿಂದ ಹೆಚ್ಚು ಕಾಲ ಬದುಕಿದುವೆಂದೂ ಪ್ರಕಟವಾಯಿತು. ವೃದ್ಧಾಪ್ಯಕ್ಕೆ ಮದ್ದು ಸಿಕ್ಕಿತೆಂದು ಜಗತ್ತೇ ಹಿಗ್ಗಿತು. ೨೦೦೮ರಲ್ಲಿ ಈ ಸಂಶೋಧನೆಯ ಮೇಲೆ ನಿಂತ ಒಂದು ಸಣ್ಣ ಕಂಪನಿಯನ್ನು ದೊಡ್ಡ ಔಷಧ ಕಂಪನಿಯೊಂದು ೭೨ ಕೋಟಿ ಡಾಲರು ಕೊಟ್ಟು ಕೊಂಡುಕೊಂಡಿತು.

ಆದರೆ ಅದೇ ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಸಾದಾ ಆಹಾರ ತಿಂದ ಇಲಿಗಳ ಆಯುಷ್ಯವು ಇದರಿಂದ ಹೆಚ್ಚಲಿಲ್ಲವೆಂದು ಕಂಡುಬಂದಿತು. ಈ ಮಾತು ಮೊದಲಿನ ಸುದ್ದಿಯಷ್ಟು ದೂರ ಹಬ್ಬಲಿಲ್ಲ. ೨೦೧೨ರಲ್ಲಂತೂ ಅಮೇರಿಕೆಯ ಕನೆಕ್ಟಿಕಟ್ ವಿಶ್ವವಿದ್ಯಾಲಯವು, ಈ ರಸಾಯನದ ಹೃದಯಹಿತದ ಬಗೆಗೆ ಬಹಳ ಬರೆದಿದ್ದ ತನ್ನೊಬ್ಬ ಸಂಶೋಧಕನು ೧೪೫ ಕಡೆಗಳಲ್ಲಿ ಸುಳ್ಳು ಮಾಹಿತಿ ಸೇರಿಸಿದ್ದನೆಂದು ತಾನೇ ಪ್ರಕಟಿಸಿತು. ಒಬ್ಬನ ತಪ್ಪಿನಿಂದ ಎಲ್ಲರ ಕೆಲಸವೂ ಸುಳ್ಳಾಗದು. ಆದರೂ ಅಚ್ಚಾದದ್ದೆಲ್ಲ ನಿಜವಲ್ಲವೆಂಬ ಪಾಠವನ್ನು ವಿದ್ಯಾರ್ಥಿಗಳಾದ ನಾವು ಇದರಿಂದ ಕಲಿಯಬೇಕು.

ಮನುಷ್ಯರಲ್ಲಿ ಕಂಡದ್ದೇನು?

ಇಟಲಿಯ ಕಿಯಾಂಟಿ ಎಂಬ ಪ್ರಾಂತವು ದ್ರಾಕ್ಷಿ ಹಾಗೂ ವೈನಿಗೆ ಪ್ರಸಿದ್ಧ. ಅಲ್ಲಿಯ ೬೫ ವರ್ಷ ದಾಟಿದ ೭೮೩ ಜನರ ಮೂತ್ರವನ್ನು ಪರೀಕ್ಷಿಸಿ, ಯಾರ ಊಟದಿಂದ ಎಷ್ಟು ರೆಸ್ವೆರಟ್ರಾಲ್ ದೇಹಕ್ಕೆ ಸೇರುತ್ತಿದೆಯೆಂದು ಗುರುತಿಸಿ, ಅವರನ್ನು ಒಂಬತ್ತು ವರ್ಷಗಳವರೆಗೆ ಗಮನಿಸಲಾಯಿತು. ಆ ಅವಧಿಯಲ್ಲಿ ೨೬೮ ಜನರು ತೀರಿಕೊಂಡರು. ಹೆಚ್ಚು ಸೇವಿಸಿದವರಿಗೂ ಕಡಿಮೆ ಸೇವಿಸಿದವರಿಗೂ ಸಾವಿನಲ್ಲಾಗಲಿ, ಹೃದಯರೋಗದಲ್ಲಾಗಲಿ, ಅರ್ಬುದರೋಗದಲ್ಲಾಗಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಈ ಫಲಿತಾಂಶ ೨೦೧೪ರಲ್ಲಿ ಪ್ರಕಟವಾಯಿತು.

ಹಾಗಾದರೆ ಗುಣವೇ ಇಲ್ಲವೆ? ಹಾಗೂ ಹೇಳಲಾಗದು. ಗುಳಿಗೆಯ ರೂಪದಲ್ಲಿ ಹೆಚ್ಚಿನ ಪ್ರಮಾಣ ಕೊಟ್ಟಾಗ ಸಕ್ಕರೆ ರೋಗಿಗಳ ರಕ್ತದ ಸಕ್ಕರೆ ಕೊಂಚ ಇಳಿದದ್ದು, ರಕ್ತದೊತ್ತಡ ಕೊಂಚ ತಗ್ಗಿದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಬೇರೆ ಕೆಲವುಗಳಲ್ಲಿ ಕಂಡಿಲ್ಲ. ಹೆಚ್ಚಿನ ಪರೀಕ್ಷೆಗಳು ಕೆಲವೇ ಜನರ ಮೇಲೆ, ಕೆಲವೇ ವಾರ ನಡೆದವು. ಬೆಳಗು ಹರಿದಿದೆ, ಆದರೆ ದಾರಿ ಇನ್ನೂ ಸ್ಪಷ್ಟವಾಗಿಲ್ಲವೆಂದಷ್ಟೇ ಹೇಳಬಹುದು.

ದೇಹವು ಈ ರಸಾಯನವನ್ನು ನಡೆಸಿಕೊಳ್ಳುವ ರೀತಿಯೇ ಇದಕ್ಕೆ ಒಂದು ಕಾರಣ. ನುಂಗಿದ್ದರಲ್ಲಿ ಬಹುಭಾಗ ಕರುಳಿನಿಂದ ಒಳಗೇನೋ ಸೇರುತ್ತದೆ. ಆದರೆ ಕರುಳು ಹಾಗೂ ಯಕೃತ್ತುಗಳು ಅದನ್ನು ಕೂಡಲೆ ಬೇರೆ ರೂಪಕ್ಕೆ ತಿರುಗಿಸಿ ಮೂತ್ರದ ದಾರಿ ಹಿಡಿಸುತ್ತವೆ. ಮೂಲರೂಪದಲ್ಲಿ ರಕ್ತದೊಳಗೆ ಉಳಿಯುವದು ಲವಲೇಶ. ಗಾಜಿನ ನಳಿಗೆಯಲ್ಲಿ ಜೀವಕೋಶಗಳ ಮೇಲೆ ಸುರಿದು ನೋಡಿದ ಪ್ರಮಾಣವು ನಮ್ಮ ರಕ್ತದಲ್ಲಿ ಎಂದೂ ಬಾರದು.

ಒಂದು ಸಣ್ಣ ಲೆಕ್ಕ

ಲೆಕ್ಕವಿಲ್ಲದ ಮಾತು ತೂಕವಿಲ್ಲದ ಮಾತು. ಕೆಂಪು ವೈನಿನ ಒಂದು ಲೀಟರಿನಲ್ಲಿ ಸುಮಾರು ೨ ಮಿಲಿಗ್ರಾಂ ರೆಸ್ವೆರಟ್ರಾಲ್ ಇರುತ್ತದೆನ್ನೋಣ. ೨೦೦೬ರ ಪ್ರಯೋಗದಲ್ಲಿ ಇಲಿಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೨೨ ಮಿಲಿಗ್ರಾಂ ಕೊಡಲಾಗಿತ್ತು. ೬೦ ಕಿಲೋ ತೂಕದ ಮನುಷ್ಯನಿಗೆ ಇದೇ ಲೆಕ್ಕ ಹಚ್ಚಿದರೆ ದಿನಕ್ಕೆ ೧,೩೨೦ ಮಿಲಿಗ್ರಾಂ ಬೇಕು. ಅಂದರೆ ೬೬೦ ಲೀಟರು ವೈನು! ಇಲಿಯ ಅಳತೆ ಮನುಷ್ಯನಿಗೆ ಇದ್ದಕ್ಕಿದ್ದಂತೆ ಒಪ್ಪದೆಂಬದು ನಿಜ. ಅದರ ಹತ್ತನೆಯ ಒಂದು ಭಾಗ ಹಿಡಿದರೂ ೬೬ ಲೀಟರು ಉಳಿಯಿತು.

ಹಣ್ಣಿನ ಲೆಕ್ಕವೂ ಇಂಥದೇ. ಕೆಂಪು ದ್ರಾಕ್ಷಿಯ ಒಂದು ಕಿಲೋದಲ್ಲಿ ೨ರಿಂದ ೮ ಮಿಲಿಗ್ರಾಮಿನಷ್ಟು ರೆಸ್ವೆರಟ್ರಾಲ್ ಇದ್ದರೆ, ಸಕ್ಕರೆ ೧೫೦ ಗ್ರಾಮಿನಷ್ಟಿರುತ್ತದೆ. ಗುಂಜಿ ಔಷಧಕ್ಕೆ ಗಡಿಗೆ ಪಾನಕ ಕುಡಿದಂತಾಯಿತು. ಸಕ್ಕರೆ ರೋಗದ ಮುತ್ಯಾನು ಔಷಧವೆಂದು ನಂಬಿ ಕಿಲೋಗಟ್ಟಲೆ ತಿಂದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ನಮ್ಮ ಒಣದ್ರಾಕ್ಷಿಯ, ಅಂದರೆ ಮಣೂಕದ, ಮಾತೂ ಇಲ್ಲಿ ಬರುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಮಣೂಕವಾಗುತ್ತದೆ. ನೀರು ಹೋಗಿ ಸಕ್ಕರೆ ಉಳಿಯುವದರಿಂದ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಒಣಗುವಾಗ ರೆಸ್ವೆರಟ್ರಾಲ್ ಬಹಳಮಟ್ಟಿಗೆ ನಾಶವಾಗುತ್ತದೆ. ಮಣೂಕದಲ್ಲಿ ನಾರು, ಪೊಟ್ಯಾಸಿಯಂ ಇವೆ. ದುಡಿಯುವ ದೇಹಕ್ಕೆ ಕೂಡಲೆ ಶಕ್ತಿ ಕೊಡುತ್ತದೆ. ಅದನ್ನು ಒಳ್ಳೆಯ ಆಹಾರವೆನ್ನಬಹುದು. ರೆಸ್ವೆರಟ್ರಾಲಿನ ಹೆಸರಿನಲ್ಲಿ ಔಷಧವೆನ್ನಲಾಗದು.

ಅಪಾಯಗಳು

ಹಣ್ಣು ತಿನ್ನುವದರಿಂದ ಒಳಸೇರುವಷ್ಟು ರೆಸ್ವೆರಟ್ರಾಲಿನಿಂದ ಅಪಾಯವಿಲ್ಲ. ಅಂಜಬೇಕಾದದ್ದು ಗುಳಿಗೆಯ ಅತಿಸೇವನೆಗೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೧೬ರಲ್ಲಿ, ವಯಸ್ಕರಿಗೆ ದಿನಕ್ಕೆ ೧೫೦ ಮಿಲಿಗ್ರಾಮಿನವರೆಗೆ ಚಿಂತೆಯಿಲ್ಲವೆಂದಿತು. ಆದರೆ ಬೇರೆ ಔಷಧಗಳೊಡನೆ ಇದು ತೊಡಕು ತರಬಹುದೆಂದೂ ಎಚ್ಚರಿಸಿತು. ದಿನಕ್ಕೆ ಎರಡೂವರೆ ಗ್ರಾಂ ಮೀರಿದಾಗ ಹೊಟ್ಟೆನೋವು, ಓಕರಿಕೆ, ಭೇದಿಗಳು ಕಂಡಿವೆ. ಎಲುಬಿನ ನೆಣದ ಅರ್ಬುದವಿದ್ದ ರೋಗಿಗಳಿಗೆ ದಿನಕ್ಕೆ ೫ ಗ್ರಾಂ ಕೊಟ್ಟು ನಡೆಸಿದ ಪರೀಕ್ಷೆಯನ್ನು, ಕೆಲವರ ಮೂತ್ರಪಿಂಡಗಳು ಕೆಟ್ಟ ಕಾರಣ, ೨೦೧೦ರಲ್ಲಿ ನಿಲ್ಲಿಸಬೇಕಾಯಿತು.

ಎಲ್ಲಕ್ಕೂ ದೊಡ್ಡ ಅಪಾಯ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮೊದಲಾದ ಗುಳಿಗೆ ನುಂಗುವವರಿಗೆ. ಯಕೃತ್ತಿನಲ್ಲಿ ಔಷಧವನ್ನು ಕರಗಿಸುವ ಕಿಣ್ವಗಳನ್ನು ರೆಸ್ವೆರಟ್ರಾಲ್ ತಡೆಯುತ್ತದೆ. ಆಗ ಔಷಧವು ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ರಕ್ತಸ್ರಾವದ ಭಯ ಹೆಚ್ಚುತ್ತದೆ. ಗರ್ಭಿಣಿಯರೂ ಇದರ ಗುಳಿಗೆಯಿಂದ ದೂರವಿರುವದು ಲೇಸು. ಗರ್ಭಿಣಿ ಕೋತಿಗಳಿಗೆ ಕೊಟ್ಟಾಗ ಮರಿಯ ಮೇದೋಜೀರಕ ಗ್ರಂಥಿಯು ಅಸಹಜವಾಗಿ ಬೆಳೆದದ್ದು ೨೦೧೪ರಲ್ಲಿ ವರದಿಯಾಗಿದೆ. ಇನ್ನೊಂದು ಸೋಜಿಗ ಕೇಳಿರಿ: ೨೦೧೩ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ವಯಸ್ಸಾದ ಗಂಡಸರಿಗೆ ಎಂಟು ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ದಿನಾಲು ೨೫೦ ಮಿಲಿಗ್ರಾಂ ರೆಸ್ವೆರಟ್ರಾಲ್ ಕೊಟ್ಟರು. ಗುಳಿಗೆ ನುಂಗಿದವರಿಗೆ ವ್ಯಾಯಾಮದ ಫಲ ಕಡಿಮೆ ಸಿಕ್ಕಿತು!

ವೈನಿನ ವಿಷಯದಲ್ಲಿ ಮಾತು ಬೆಳೆಸಬೇಕಾಗಿಲ್ಲ. ೨೦೦೭ರಲ್ಲಿ ಕರ್ನಾಟಕ ಸರಕಾರವು ವೈನಿನ ನೀತಿಯೊಂದನ್ನು ಹೊರಡಿಸಿದ್ದು ಬೆಳೆಗಾರನ ಮಾರುಕಟ್ಟೆಯ ಸಲುವಾಗಿ. ಅದನ್ನು ಆರೋಗ್ಯದ ಸಲಹೆಯೆಂದು ತಿಳಿಯಬಾರದು. ಮದ್ಯವು ಅರ್ಬುದಕಾರಕವೆಂದು ೧೯೮೮ರಲ್ಲಿಯೇ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಸಾರಿದೆ. ಆರೋಗ್ಯಕ್ಕೆ ನಿರಪಾಯಕರವಾದ ಮದ್ಯದ ಪ್ರಮಾಣವೇ ಇಲ್ಲವೆಂದು ೨೦೨೩ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಎರಡು ಮಿಲಿಗ್ರಾಂ ರೆಸ್ವೆರಟ್ರಾಲಿನ ನೆವ ಮಾಡಿ ಲೀಟರು ವೈನು ಕುಡಿಯುವದು ಜಾಣತನವಲ್ಲ.

ಹಣ್ಣು ತಿನ್ನುವಾಗಲೂ ಒಂದು ಎಚ್ಚರ ಬೇಕು. ರೆಸ್ವೆರಟ್ರಾಲ್ ಇರುವದು ಸಿಪ್ಪೆಯಲ್ಲಿ. ಸಿಂಪಡಿಸಿದ ಔಷಧವು ಬೀಳುವದೂ ಸಿಪ್ಪೆಯ ಮೇಲೆಯೇ. ೨೦೧೦ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಸಾಯನದ ಅಂಶ ಹೆಚ್ಚಾಗಿ ಕಂಡು, ಬೆಳೆಗಾರರು ಬಹಳ ನಷ್ಟ ಅನುಭವಿಸಿದರು. ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳನ್ನು ಬಿಟ್ಟೇ ಕೊಯ್ಯುವದು ಬೆಳೆಗಾರನ ಧರ್ಮ. ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನುವದು ತಿನ್ನುವವನ ಧರ್ಮ. ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟ ಮಣೂಕವು ಉಬ್ಬಸದವರಲ್ಲಿ ಕೆಲವರಿಗೆ ಆಗಿಬರುವದಿಲ್ಲ.

ಉಪಸಂಹಾರ

ಹೀಗಿರಲು ಮುತ್ಯಾನ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರವೇನು? "ಮುತ್ಯಾ, ದ್ರಾಕ್ಷಿ ಒಳ್ಳೇ ಹಣ್ಣು. ಸಕ್ಕರಿ ಹತೋಟಿಯೊಳಗ ಇದ್ದರ ತೊಳಕೊಂಡು ಒಂದು ಹಿಡಿ ತಿನ್ನು. ಡಾಕ್ಟರು ಕೊಟ್ಟ ಗುಳಿಗಿ ಬಿಡಬ್ಯಾಡ. ಅವರನ್ನ ಕೇಳದ ಈ ಹೊಸ ಗುಳಿಗಿ ನುಂಗಬ್ಯಾಡ." ಇಷ್ಟು ಹೇಳಿದರೆ ಸಾಕು.

ಸಾಲ ಮಾಡಿ ಚಪ್ಪರ ಹಾಕಿದ ರೈತನಿಗೆ ತನ್ನ ಹಣ್ಣನ್ನು ಸರ್ವರೋಗದ ಮದ್ದೆಂದು ಮಾರುವ ಆಸೆ ಹುಟ್ಟುವದು ಸಹಜ. ಆದರೆ ಆ ಮಾತನ್ನು ನಂಬಿ ಒಬ್ಬ ರೋಗಿಯು ತನ್ನ ಔಷಧ ಬಿಟ್ಟರೆ ಆ ಹಾನಿಯನ್ನು ಯಾವ ಬೆಲೆಯೂ ತುಂಬಿಕೊಡದು. ಸಿಹಿಯಾದ, ಶುದ್ಧವಾದ ಹಣ್ಣೆಂಬ ಹೊಗಳಿಕೆಯೇ ದ್ರಾಕ್ಷಿಗೆ ಸಾಕಷ್ಟು ದೊಡ್ಡದು. ಬಳ್ಳಿಯು ತನ್ನ ರಕ್ಷಣೆಗಾಗಿ ರೆಸ್ವೆರಟ್ರಾಲನ್ನು ಸಿದ್ಧಪಡಿಸಿಕೊಳ್ಳುತ್ತದೆ. ನಮ್ಮ ರಕ್ಷಣೆಗಾಗಿ ನಾವು ಸಿದ್ಧಪಡಿಸಿಕೊಳ್ಳಬೇಕಾದುದು ವಿವೇಕವನ್ನು. ಕಲಿತವರು ಅದನ್ನು ತಮ್ಮ ಮನೆಯ ಕಟ್ಟೆಯಿಂದಲೇ ಹಂಚಲು ಮೊದಲುಮಾಡಲಿ.