ಅಂಗಳದ ಅಂದಕ್ಕೆ ಕ್ರೇಪ್ ಮಿರ್ಟಲ್

ಮನೆಯ ಮುಂದೆ, ಬಾವಿಯ ಬಳಿ ಅಥವಾ ತೋಟದ ದಾರಿಯ ಬದಿಯಲ್ಲಿ ಹೆಚ್ಚು ಆರೈಕೆ ಬೇಡದ ಹೂಮರ ಬೇಕೆನ್ನುವವರಿಗೆ ಕ್ರೇಪ್ ಮಿರ್ಟಲ್ ಯೋಗ್ಯವಾದುದು. ಇದು ನಮ್ಮ ಮಲೆನಾಡಿನ ಹೊಳೆದಾಸವಾಳದ ಹತ್ತಿರದ ಸಂಬಂಧಿ. ಹೊಳೆದಾಸವಾಳ ದೊಡ್ಡ ಮರವಾಗುತ್ತದೆ. ಇದಾದರೋ ಸಾಮಾನ್ಯವಾಗಿ 10ರಿಂದ 20 ಅಡಿಯೊಳಗೇ ನಿಲ್ಲುವುದರಿಂದ ಚಿಕ್ಕ ಅಂಗಳಕ್ಕೂ ಒಗ್ಗುತ್ತದೆ. ಸುಕ್ಕುಗಟ್ಟಿದ ಎಸಳುಗಳ ಹೂಗೊಂಚಲು ಬಿಳಿ, ಗುಲಾಬಿ, ಕೆಂಪು, ನೇರಳೆ ಬಣ್ಣಗಳಲ್ಲಿ ಬೇಸಿಗೆಯಿಂದ ಮಳೆಗಾಲದವರೆಗೆ ಬಿಡುತ್ತದೆ.

ಸಸ್ಯಾಭಿವೃದ್ಧಿ: ಬೀಜದ ಸಸಿಗಳಲ್ಲಿ ತಾಯಿಗಿಡದ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಮೆಚ್ಚಿದ ಗಿಡದಿಂದ ಪೆನ್ಸಿಲ್ ದಪ್ಪದ, 8 ಅಂಗುಲ ಉದ್ದದ ಬಲಿತ ಕಡ್ಡಿಗಳನ್ನು ತೆಗೆದು, ಮರಳು ಬೆರೆತ ಮಡಿಯಲ್ಲಿ ಮೂರರಲ್ಲಿ ಎರಡು ಪಾಲು ಹೂತು ಬೇರು ಬರಿಸಿರಿ.

ನಾಟಿ: ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿರಿ. ಹಲಸು, ಮಾವಿನ ನೆರಳಿನಲ್ಲಿ ನೆಟ್ಟರೆ ಹೂವು ಕಡಿಮೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಗೆ ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ಮುಂಗಾರಿನಲ್ಲಿ 10 ಅಡಿಗೊಂದರಂತೆ ನೆಡಿರಿ. ಯೂರಿಯಾ ಹೆಚ್ಚಾದರೆ ಸೊಪ್ಪು ಬೆಳೆಯುತ್ತದೆಯೇ ಹೊರತು ಹೂವಲ್ಲ.

ಸವರುವಿಕೆ: ಹಲವರು ಎಡವುವುದು ಇಲ್ಲಿಯೇ. ಈ ಗಿಡ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಎಲೆ ಉದುರುವ ಡಿಸೆಂಬರ್-ಜನವರಿಯಲ್ಲಿ ಸವರಿದರೆ ಚಿಗುರು ಬಲಿತು ಹೂವಾಗುತ್ತದೆ. ಚಿಗುರು ಬಂದ ಮೇಲೆ, ಬೇಸಿಗೆಯಲ್ಲಿ ಕತ್ತರಿಸಿದರೆ ಬರಲಿರುವ ಮೊಗ್ಗನ್ನೇ ಕತ್ತರಿಸಿದಂತೆ. ಒಣಗಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ ಬುಡದ ಕಂದುಗಳನ್ನೂ ತೆಗೆದರೆ ಸಾಕು. ತೋಳಿನಷ್ಟು ದಪ್ಪದ ಕೊಂಬೆಗಳನ್ನು ಮಚ್ಚಿನಿಂದ ಮೊಟಕು ಮಾಡಬೇಡಿರಿ. ಹಾಗೆ ಮಾಡಿದರೆ ಕಡಿದಲ್ಲಿ ಸಣಕಲು ಚಿಗುರುಗಳು ಗುಂಪಾಗಿ ಬಂದು, ಮಳೆಯಲ್ಲಿ ನೆನೆದ ಹೂವಿನ ಭಾರಕ್ಕೆ ಬಾಗಿ ಮುರಿಯುತ್ತವೆ. ಗಿಡದ ಅಂದವೂ ಕೆಡುತ್ತದೆ. ಬಾಡಿದ ಗೊಂಚಲುಗಳನ್ನು ಕಾಯಿ ಕಟ್ಟುವ ಮೊದಲೇ ಚಿವುಟಿದರೆ ಮತ್ತೊಮ್ಮೆ ಹೂ ನೋಡಬಹುದು.

ಸಸ್ಯ ಸಂರಕ್ಷಣೆ: ಎಲೆಯ ಮೇಲೆ ಬಿಳಿ ಹುಡಿ ಕಂಡರೆ ಅದು ಬೂದಿರೋಗ. ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ, ಬಿಸಿಲೇರುವ ಮುನ್ನ ಸಿಂಪಡಿಸಿರಿ. ಎಲೆ ಅಂಟಂಟಾಗಿ ಕಪ್ಪಾಗಿದ್ದರೆ ಸಸ್ಯಹೇನು ಹುಡುಕಿರಿ. ಆರಂಭದಲ್ಲಿ ರಭಸದ ನೀರೇ ಅದನ್ನು ತೊಳೆಯಬಲ್ಲದು.

ಗಿಡ ಬೆಳೆದೂ ಹೂ ಬಿಡದಿದ್ದರೆ ಕಿತ್ತೆಸೆಯುವ ಮೊದಲು ಮೂರನ್ನು ವಿಚಾರಿಸಿರಿ: ಬಿಸಿಲು ಬೀಳುತ್ತಿದೆಯೇ? ಗೊಬ್ಬರ ಅತಿಯಾಯಿತೇ? ಸವರಿದ್ದು ಯಾವ ತಿಂಗಳಲ್ಲಿ?